ಪೂರ್ಣಯ್ಯ ನಾಲೆಯ ಜಾಡು ಹಿಡಿದು

ಮೈಸೂರಿಗೆ ಬಂದವರು ಅರಮನೆ ನೋಡುತ್ತಾರೆ, ಮೃಗಾಲಯ ಸುತ್ತುತ್ತಾರೆ, ಸಂಜೆಯಾದರೆ ಬೃಂದಾವನದ ಕಾರಂಜಿಗಳ ಎದುರು ನಿಲ್ಲುತ್ತಾರೆ. ಮೈಸೂರಿನಲ್ಲೇ ಹುಟ್ಟಿ ಬೆಳೆದವರು ಇದ್ಯಾವುದರ ಗೊಡವೆಗೂ ಹೋಗದೆ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಸುತ್ತ ಒಂದು ಸುತ್ತು ಹಾಕಿ, ಮನೆಗೆ ಹೋಗಿ ಕಾಫಿ ಕುಡಿಯುತ್ತಾರೆ. ಈ ಎರಡು ಬಗೆಯ ಜನರ ಕಣ್ಣಿಗೂ ಸುಲಭವಾಗಿ ಬೀಳದ ಇನ್ನೊಂದು ಮೈಸೂರಿದೆ. ಅದು ನೀರು ಹರಿಯುವ ಮೈಸೂರು. ಅದನ್ನು ನೋಡಲು ಟಿಕೆಟ್ ಬೇಡ, ಗೈಡ್ ಬೇಡ. ಒಂದು ಭಾನುವಾರ, ಒಂದು ಜೊತೆ ಗಟ್ಟಿ ಚಪ್ಪಲಿ, ಬ್ಯಾಗಿನಲ್ಲೊಂದು ನೋಟ್ ಪುಸ್ತಕ ಇದ್ದರೆ ಸಾಕು. ಜೊತೆಗೆ ಏಳನೆಯದೋ ಎಂಟನೆಯದೋ ತರಗತಿಯಲ್ಲಿ ಓದುವ ಮಕ್ಕಳಿದ್ದರೆ ಇನ್ನೂ ಒಳ್ಳೆಯದು.

ಪ್ರಯಾಣವನ್ನು ಚಾಮುಂಡಿ ಬೆಟ್ಟದ ಮೇಲಿನಿಂದ ಆರಂಭಿಸೋಣ.

ಬೆಟ್ಟದ ಮೇಲಿನಿಂದ ಕಂಡ ಊರು

ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಈ ಬೆಟ್ಟದ ಕಲ್ಲಿಗೆ ಸುಮಾರು 80 ಕೋಟಿ ವರ್ಷಗಳ ವಯಸ್ಸು ಎನ್ನುತ್ತಾರೆ ಭೂವಿಜ್ಞಾನಿಗಳು. ಕೆಳಗೆ ಊರು ಇನ್ನೂರೈವತ್ತು, ಮುನ್ನೂರು ಮೀಟರ್ ತಗ್ಗಿನಲ್ಲಿದೆ. ಬೆಳಗಿನ ಮಂಜು ಕರಗುತ್ತಿದ್ದಂತೆ ಮೊದಲು ಲಲಿತಮಹಲಿನ ಬಿಳಿ ಗುಮ್ಮಟ, ಆಮೇಲೆ ಕುದುರೆ ಪಂದ್ಯದ ಮೈದಾನ, ಅದರಾಚೆಗೆ ಕಾರಂಜಿ ಕೆರೆ, ಅರಮನೆ, ಇನ್ನೂ ದೂರದಲ್ಲಿ ಪಡುವಣಕ್ಕೆ ಕುಕ್ಕರಹಳ್ಳಿ ಕೆರೆ ಕಾಣಿಸುತ್ತವೆ. ನಮ್ಮ ಹಿರಿಯರು ಕೆರೆ ಕಟ್ಟುವಾಗ ನೀರು ತಾನಾಗಿ ಓಡಿಬಂದು ನಿಲ್ಲುವ ತಗ್ಗನ್ನು ಹುಡುಕಿ ಅಲ್ಲಿ ಏರಿ ಹಾಕುತ್ತಿದ್ದರು ಎಂಬುದು ಇಲ್ಲಿಂದ ನೋಡಿದರೆ ಪಾಠ ಹೇಳಿಸಿಕೊಳ್ಳದೆಯೇ ಅರ್ಥವಾಗುತ್ತದೆ.

ಮೈಸೂರು ಒಂದು ದಿಣ್ಣೆಯ ಮೇಲಿನ ಊರು. ಮನೆಯ ಹೆಂಚಿನ ಮಾಡಿಗೆ ಹೇಗೆ ಎರಡು ಇಳಿಜಾರುಗಳೋ ಹಾಗೆ ಈ ಊರಿಗೂ ಎರಡು ಇಳಿಜಾರು. ಬಡಗಣ ಮಗ್ಗುಲಿನಲ್ಲಿ ಬಿದ್ದ ಮಳೆ ಕೆಸರೆಯ ಕಡೆಗೆ ಇಳಿದು ಕಾವೇರಿಯನ್ನು ಸೇರುತ್ತದೆ. ತೆಂಕಣ ಮಗ್ಗುಲಿನಲ್ಲಿ ಬಿದ್ದದ್ದು ದಳವಾಯಿ ಕೆರೆಯ ಕಡೆಗೆ ಇಳಿದು ಕಬಿನಿಯನ್ನು ಸೇರುತ್ತದೆ. ಒಂದೇ ಮೋಡದಿಂದ ಬಿದ್ದ ಎರಡು ಹನಿಗಳು ಊರಿನಲ್ಲಿ ಬೇರೆಯಾಗಿ, ತಿರುಮಕೂಡಲಿನ ಸಂಗಮದಲ್ಲಿ ಮತ್ತೆ ಸೇರಿ, ಅಲ್ಲಿಂದ ಬಂಗಾಳ ಕೊಲ್ಲಿಗೆ ಹೋಗುತ್ತವೆ. ಹೀಗೆ ಒಂದು ಜಾಗಕ್ಕೆ ಬಂದು ಸೇರುವ ನೀರೆಲ್ಲ ಎಲ್ಲೆಲ್ಲಿಂದ ಹೊರಡುತ್ತದೋ ಅಷ್ಟೂ ನೆಲವನ್ನು ಪಠ್ಯಪುಸ್ತಕದಲ್ಲಿ ಜಲಾನಯನ ಪ್ರದೇಶ ಎಂದು ಬರೆದಿರುತ್ತಾರೆ. ಆ ಪದವನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ ಮಕ್ಕಳಿಗೆ ಅದನ್ನು ಕಣ್ಣಾರೆ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಇಳಿಯುವಾಗ ಬಸ್ಸು ಬಿಟ್ಟು ಮೆಟ್ಟಿಲು ಹಿಡಿಯಿರಿ. ದೊಡ್ಡ ದೇವರಾಜ ಒಡೆಯರು 17ನೆಯ ಶತಮಾನದಲ್ಲಿ ಹಾಕಿಸಿದ ಸಾವಿರ ಮೆಟ್ಟಿಲುಗಳ ಎರಡೂ ಬದಿಯಲ್ಲಿ ಮಳೆಗಾಲದಲ್ಲಿ ಸಣ್ಣ ಸಣ್ಣ ಝರಿಗಳು ಇಳಿಯುತ್ತವೆ. ಕುರುಚಲು ಕಾಡು ಚೆನ್ನಾಗಿರುವ ಕಡೆ ಝರಿಯ ನೀರು ತಿಳಿಯಾಗಿರುತ್ತದೆ. ನೆಲ ಬೋಳಾಗಿರುವ ಕಡೆ, ಗುಡ್ಡ ಕಡಿದು ದಾರಿ ಮಾಡಿದ ಕಡೆ ಅದೇ ನೀರು ಕೆಂಪಗೆ, ಚಹಾದ ಬಣ್ಣದಲ್ಲಿರುತ್ತದೆ. ಕೆಂಪು ಬಣ್ಣ ಎಂದರೆ ಬೆಟ್ಟ ಕರಗುತ್ತಿದೆ ಎಂದು ಅರ್ಥ. 2021ರ ಅಕ್ಟೋಬರಿನ ಭಾರಿ ಮಳೆಯಲ್ಲಿ ನಂದಿ ವಿಗ್ರಹದ ಕಡೆಗೆ ಹೋಗುವ ರಸ್ತೆಯ ಅಂಚೇ ಕುಸಿದು ಕೆಳಗೆ ಜಾರಿದ್ದು ಮೈಸೂರಿನವರಿಗೆ ನೆನಪಿರಬಹುದು. ಇಳಿಜಾರಿನಲ್ಲಿ ನೀರಿಗೆ ಅದರ ದಾರಿ ಬಿಡದಿದ್ದರೆ ಅದು ಹೊಸ ದಾರಿ ಮಾಡಿಕೊಳ್ಳುತ್ತದೆ. ಯಾರ ಅನುಮತಿಯನ್ನೂ ಕೇಳುವುದಿಲ್ಲ.

ಹಳ್ಳವನ್ನು ಓದುವುದು ಹೇಗೆ?

ಬೆಟ್ಟದ ಬುಡದಲ್ಲಿ ಯಾವುದಾದರೂ ಒಂದು ಸಣ್ಣ ಹಳ್ಳದ ಪಕ್ಕ ಹತ್ತು ನಿಮಿಷ ನಿಲ್ಲಿ. ವೈದ್ಯರು ನಾಡಿ ಹಿಡಿದು, ನಾಲಿಗೆ ನೋಡಿ ರೋಗ ತಿಳಿಯುವಂತೆ ಹಳ್ಳದ ಆರೋಗ್ಯವನ್ನೂ ತಿಳಿಯಬಹುದು.

ಮೊದಲು ದಡ ನೋಡಿ. ಮರದ ಬೇರುಗಳು ಗಾಳಿಯಲ್ಲಿ ನೇತಾಡುತ್ತಿದ್ದರೆ ಆ ಬೇರು ಹಿಡಿದಿದ್ದ ಮಣ್ಣು ಕೊಚ್ಚಿಹೋಗಿದೆ. ದಡ ಗೋಡೆಯಂತೆ ನೆಟ್ಟಗೆ ನಿಂತು ಬುಡದಲ್ಲಿ ಒಳಕ್ಕೆ ಕೊರೆದಿದ್ದರೆ ಮುಂದಿನ ಮಳೆಗೆ ಅದು ಬೀಳುತ್ತದೆ. ಎರಡನೆಯದಾಗಿ ತಳ ನೋಡಿ. ಬೆಣಚುಕಲ್ಲು, ಮರಳು, ಅಲ್ಲಲ್ಲಿ ಸಣ್ಣ ಗುಂಡಿ ಇದ್ದರೆ ಹಳ್ಳ ಸುಖವಾಗಿದೆ. ಎಲ್ಲ ಕಡೆ ಒಂದೇ ಸಮನೆ ಕರಿಯ ಕೆಸರಿದ್ದರೆ ಸುಖವಾಗಿಲ್ಲ. ಮೂರನೆಯದಾಗಿ ನೀರಿನಲ್ಲಿರುವ ಒಂದು ಕಲ್ಲನ್ನು ಮೆಲ್ಲಗೆ ಎತ್ತಿ ನೋಡಿ. ಅಡಿಯಲ್ಲಿ ಕೊಡತಿ ಕೀಟದ ಮರಿ, ಏಡಿಮರಿ ಇದ್ದರೆ ನೀರಿನಲ್ಲಿ ಉಸಿರಾಡಲು ಗಾಳಿ ಇದೆ ಎಂದಾಯಿತು. ಬರೀ ಕೆಂಪು ಹುಳುಗಳಿದ್ದರೆ ಮೇಲೆ ಎಲ್ಲೋ ಚರಂಡಿ ಬಂದು ಸೇರಿದೆ.

ಇನ್ನು ವೇಗ. ಹತ್ತು ಮೀಟರ್ ಅಳೆದು ಎರಡು ಕಡ್ಡಿ ನೆಡಿ. ಒಂದು ನಿಂಬೆಹಣ್ಣು ತೇಲಿಬಿಟ್ಟು ಎಷ್ಟು ಸೆಕೆಂಡಿಗೆ ದಾಟಿತು ಎಂದು ಗಡಿಯಾರ ನೋಡಿ. ಹತ್ತನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ವೇಗ ಸಿಕ್ಕಿತು. ಈ ಸಣ್ಣ ಲೆಕ್ಕದ ಹಿಂದೆ ದೊಡ್ಡ ಮಾತಿದೆ. ನೀರಿನ ವೇಗ ಎರಡು ಪಟ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಎರಡು ಪಟ್ಟಲ್ಲ, ಸುಮಾರು 64 ಪಟ್ಟಾಗುತ್ತದೆ ಎಂಬುದು ಹಳ್ಳಗಳನ್ನು ಅಭ್ಯಾಸ ಮಾಡುವವರ ಹಳೆಯ ಸೂತ್ರ. ಡೊಂಕಾಗಿ ಹರಿಯುವ ಹಳ್ಳವನ್ನು ನೆಟ್ಟಗೆ ಮಾಡಿ, ಎರಡೂ ಬದಿಗೆ ಸಿಮೆಂಟ್ ಗೋಡೆ ಕಟ್ಟಿದರೆ ನೀರು ಬೇಗ ಓಡುತ್ತದೆ ನಿಜ. ಆದರೆ ಗೋಡೆ ಮುಗಿದ ಕಡೆ ಅದು ಏನು ಮಾಡುತ್ತದೆ ಎಂಬುದನ್ನು ಈ ಸೂತ್ರ ಹೇಳುತ್ತದೆ.

ಬೆಟ್ಟದ ಬಡಗಣ ತಪ್ಪಲಿನ ನೀರಿಗೆ ಆಸರೆಯಾದದ್ದು ಕಾರಂಜಿ ಕೆರೆ. ಒಟ್ಟು ಸುಮಾರು 90 ಹೆಕ್ಟೇರ್ ಜಾಗದಲ್ಲಿ 55 ಹೆಕ್ಟೇರಿನಷ್ಟು ನೀರು, ಉಳಿದದ್ದು ಅಂಗಳ. ಮೃಗಾಲಯದ ವಶದಲ್ಲಿರುವ ಈ ಕೆರೆ ಒಂದು ಕಾಲಕ್ಕೆ ಕೊಳಚೆ ಸೇರಿ, ಕಳೆ ತುಂಬಿ ಹಾಳಾಗಿತ್ತು. ಕೊಳಚೆಯ ಹರಿವನ್ನು ಬೇರೆಡೆಗೆ ತಿರುಗಿಸಿ, ಕಳೆ ಮತ್ತು ಹೂಳು ತೆಗೆದ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ನೆಲೆ ನಿಂತವು. ಸತ್ತಿತೆಂದು ಕೈಬಿಟ್ಟ ಕೆರೆ ಮತ್ತೆ ಬದುಕಬಲ್ಲದು ಎಂಬುದಕ್ಕೆ ಊರಿನೊಳಗೇ ಒಂದು ಸಾಕ್ಷಿ ಇದೆ.

ರಸ್ತೆಯ ಕೆಳಗಿನ ನಾಲೆ

ಇನ್ನು ಊರ ನಡುವೆ ಬರೋಣ. ದಸರಾ ಮೆರವಣಿಗೆ ಸಾಗುವ ಸಯ್ಯಾಜಿರಾವ್ ರಸ್ತೆ ಯಾರಿಗೆ ಗೊತ್ತಿಲ್ಲ? ಅದರ ಪಕ್ಕದ ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ, ಕುಂಕುಮ, ನಂಜನಗೂಡಿನ ರಸಬಾಳೆ ಕೊಂಡವರು ಲಕ್ಷಾಂತರ ಮಂದಿ. ಆದರೆ ತಾವು ನಿಂತಿರುವುದು ಒಂದು ಕಾಲುವೆಯ ಮೇಲೆ ಎಂಬುದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತು?

ಅದು ಪೂರ್ಣಯ್ಯ ನಾಲೆ. 1799ರಿಂದ 1811ರವರೆಗೆ ಮೈಸೂರಿನ ದಿವಾನರಾಗಿದ್ದ ಪೂರ್ಣಯ್ಯನವರು ನೀರಿನ ಕೆಲಸದಲ್ಲಿ ಹಟವಾದಿ. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಅವರು 1804ರಲ್ಲಿ ಕಟ್ಟಿಸಿದ ಕಲ್ಲಿನ ಸೇತುವೆ ಇನ್ನೂ ನಿಂತಿದೆ. ಕಾವೇರಿಯ ನೀರನ್ನೇ ಮೈಸೂರಿಗೆ ತರಬೇಕೆಂದು ಅವರು ತೋಡಿಸಿದ ಕಾಲುವೆಯ ಯೋಜನೆ ಮಾತ್ರ ಅಂದುಕೊಂಡಂತೆ ಕೈಗೂಡಲಿಲ್ಲ. ಆದರೆ ತೋಡಿದ ನಾಲೆ ವ್ಯರ್ಥವಾಗಲಿಲ್ಲ. ಊರಿನ ವಾಯವ್ಯಕ್ಕಿರುವ ದಿಣ್ಣೆಗಳ ಮಳೆನೀರನ್ನು ದಾರಿಯುದ್ದಕ್ಕೂ ಹಿಡಿದು ತರುವ ತೋಳಾಗಿ ಅದು ಉಳಿಯಿತು. ನದಿಯ ನೀರಿಗಾಗಿ ತೋಡಿದ್ದು ಮೋಡದ ನೀರಿಗೆ ಒದಗಿತು.

ಊರ ನಡುವೆ ಹಾದು ಹೋಗುತ್ತಿದ್ದ ಅದರ ಭಾಗವನ್ನು 19ನೆಯ ಶತಮಾನದ ಕೊನೆಯ ಹೊತ್ತಿಗೆ ಮುಚ್ಚಿದರು. ಅದೇ ಜಾಗದಲ್ಲಿ ಅಗಲವಾದ ಪೇಟೆಬೀದಿ ಎದ್ದಿತು, ಬರೋಡದ ಮಹಾರಾಜರ ಹೆಸರು ಪಡೆಯಿತು. ಅಂದಿನ ಮಟ್ಟಿಗೆ ಅದು ತಪ್ಪೆಂದು ಹೇಳುವುದು ಸುಲಭವಲ್ಲ. ಊರ ಕೊಳೆಯೆಲ್ಲ ಸೇರಿ, ಸಾಂಕ್ರಾಮಿಕ ರೋಗಗಳ ಭಯವಿದ್ದ ಕಾಲ ಅದು. ನಳದ ನೀರೂ ಹೆಚ್ಚು ಕಡಿಮೆ ಆಗಲೇ ಬಂತು. ನಳ ಬಂದ ಮೇಲೆ ಕೆರೆಯ ಚಿಂತೆ ಯಾರಿಗೆ? ದೊಡ್ಡಕೆರೆ ಮೈದಾನವಾಯಿತು. ಸುಬ್ಬರಾಯನಕೆರೆ ಸಭೆ ನಡೆಯುವ ಬಯಲಾಯಿತು, ಸ್ವಾತಂತ್ರ್ಯ ಚಳವಳಿಯ ನೆನಪಿಗೆ ನಿಂತಿತು. ಜೀವಣ್ಣರಾಯನಕಟ್ಟೆ ಆಟದ ಮೈದಾನವಾಯಿತು. ನೀರು ಹೋದರೂ ಹೆಸರುಗಳು ಮಾತ್ರ ಹೋಗಲಿಲ್ಲ. ಮೈಸೂರಿನ ನಕ್ಷೆಯಲ್ಲಿ ‘ಕೆರೆ’, ‘ಕಟ್ಟೆ’ ಎಂದು ಕೊನೆಯಾಗುವ ಹೆಸರುಗಳ ಕೆಳಗೆ ಮಕ್ಕಳಿಂದ ಗೆರೆ ಎಳೆಸಿ ನೋಡಿ.

ಕುಕ್ಕರಹಳ್ಳಿಯ ಲೆಕ್ಕ

ನಾಲೆಯ ನೀರು ಉಂಡು ಬೆಳೆದದ್ದು ಕುಕ್ಕರಹಳ್ಳಿ ಕೆರೆ. 1864ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಊರಾಚೆಯ ಜಮೀನುಗಳಿಗೆ ನೀರುಣಿಸಲೆಂದು ಇದು ಸಿದ್ಧವಾಯಿತು. ಈಗ ಮೈಸೂರು ವಿಶ್ವವಿದ್ಯಾನಿಲಯದ ಸುಪರ್ದಿನಲ್ಲಿದೆ. ಮಗ್ಗುಲಲ್ಲೇ ಮಾನಸಗಂಗೋತ್ರಿ. ಕುವೆಂಪು ಅವರು ವಾಯುವಿಹಾರಕ್ಕೆ ಬರುತ್ತಿದ್ದ ಕೆರೆ ಇದು. ಮರಗಳ ನೆರಳಿನಲ್ಲಿ ಸುತ್ತು ಹಾಕುವಾಗ ನಡುಗಡ್ಡೆಯ ಮರಗಳಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುವುದನ್ನೂ, ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸುವುದನ್ನೂ ನೋಡುತ್ತ ಗಂಟೆ ಕಳೆದದ್ದೇ ತಿಳಿಯುವುದಿಲ್ಲ.

ನೋಡಲು ಕೆರೆ ಚೆನ್ನಾಗಿಯೇ ಇದೆಯಲ್ಲ, ಮತ್ತೇನು ಚಿಂತೆ ಎಂದು ನೀವು ಕೇಳಬಹುದು. ಒಂದು ಸಣ್ಣ ಲೆಕ್ಕ ಮಾಡೋಣ. ಹೈಸ್ಕೂಲಿನ ಮಕ್ಕಳಿಗೆ ಇದು ಕಷ್ಟವಲ್ಲ.

ಕೆರೆಯ ನೀರಿನ ಹರವು ಸುಮಾರು 62 ಹೆಕ್ಟೇರ್, ಅಂದರೆ 6,20,000 ಚದರ ಮೀಟರ್. ಮೈಸೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರ್, ಅಂದರೆ 0.8 ಮೀಟರ್. ಕೆರೆಯ ಮೇಲೆಯೇ ನೇರವಾಗಿ ಬೀಳುವ ನೀರು ಎಷ್ಟಾಯಿತು? ಸುಮಾರು 5 ಲಕ್ಷ ಘನ ಮೀಟರ್, ಎಂದರೆ 50 ಕೋಟಿ ಲೀಟರ್. ಈಗ ಖರ್ಚಿನ ಕಡೆ ನೋಡಿ. ನಮ್ಮ ಬಯಲುಸೀಮೆಯ ಬಿಸಿಲಿಗೆ ತೆರೆದ ನೀರು ವರ್ಷಕ್ಕೆ ಕಡಿಮೆ ಎಂದರೂ ಒಂದೂವರೆ ಮೀಟರ್ ಆವಿಯಾಗುತ್ತದೆ. ಅದು 93 ಕೋಟಿ ಲೀಟರ್. ಜಮೆ 50, ಖರ್ಚು 93. ನೆಲಕ್ಕೆ ಇಂಗುವುದನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ಉಳಿದ 43 ಕೋಟಿ ಲೀಟರ್ ಎಲ್ಲಿಂದ ಬರಬೇಕು? ಮೇಲಿನ ನೆಲದಿಂದ, ನಾಲೆಯ ಮೂಲಕ. ಎಂದರೆ ಯಾವ ಕೆರೆಯೂ ತನ್ನ ಮೇಲೆ ಬಿದ್ದ ಮಳೆಯಿಂದ ಬದುಕುವುದಿಲ್ಲ. ದೂರದ ದಿಣ್ಣೆಯ ಮೇಲೆ ಬಿದ್ದ ಮಳೆಯಿಂದ ಬದುಕುತ್ತದೆ. ಆ ದಾರಿ ಮುಚ್ಚಿದರೆ ಏರಿ ಎಷ್ಟು ಭದ್ರವಾಗಿದ್ದರೂ, ಸುತ್ತ ಬೇಲಿ ಎಷ್ಟು ಚೆಂದವಿದ್ದರೂ, ಕಲ್ಲುಬೆಂಚುಗಳು ಎಷ್ಟಿದ್ದರೂ ಕೆರೆ ವರ್ಷದಿಂದ ವರ್ಷಕ್ಕೆ ಬಡವಾಗುತ್ತದೆ.

ಆ ದಾರಿಯನ್ನು ನೋಡಬೇಕೆಂದರೆ ಕೆರೆಗೆ ಬೆನ್ನು ಮಾಡಿ ಹಿನಕಲ್, ಹೂಟಗಳ್ಳಿಗಳ ಕಡೆಗೆ ಹೋಗಬೇಕು. ಒಂದೆಡೆ ಕಾಲುವೆ ಆಳವಾಗಿ, ಎರಡೂ ದಡದಲ್ಲಿ ಗಿಡಗಂಟಿ ತುಂಬಿಕೊಂಡು ಇನ್ನೂ ಗಂಭೀರವಾಗಿದೆ. ಒಂದೆಡೆ ಒತ್ತುವರಿಯಿಂದ ಕಿರಿದಾಗಿದೆ. ಒಂದೆಡೆ ಕಟ್ಟಡ ಒಡೆದ ಮಣ್ಣು ಸುರಿದಿದ್ದಾರೆ. ಇನ್ನೊಂದೆಡೆ ಬಡಾವಣೆಯ ಚರಂಡಿ ಅದನ್ನೇ ತನ್ನ ದಾರಿ ಮಾಡಿಕೊಂಡಿದೆ. ಮಳೆನೀರು ಕೆರೆಗೆ ಬರುವ ದಾರಿಯಲ್ಲಿ ಮಳೆನೀರಿಗೆ ಜಾಗವಿಲ್ಲ, ಕೊಳಚೆಗೆ ಜಾಗವಿದೆ. ಹೀಗಾದಾಗ ಕೊಳಚೆ ಬಾರದಿರಲಿ ಎಂದು ನಾಲೆಯ ಬಾಯಿಯನ್ನೇ ಕಟ್ಟುವುದು ಸುಲಭ ಉಪಾಯವಾಗಿ ಕಾಣುತ್ತದೆ. ಆದರೆ ಗಂಟಲು ನೋಯುತ್ತದೆಂದು ಊಟ ಬಿಟ್ಟರೆ ಎಷ್ಟು ದಿನ? ಕೊಳಚೆಯನ್ನು ಬೇರೆ ಕೊಳವೆಯಲ್ಲಿ ಸಂಸ್ಕರಣಾ ಘಟಕಕ್ಕೆ ಕಳಿಸಿ, ಮಳೆಯ ನೀರಿಗೆ ನಾಲೆಯನ್ನು ಬಿಟ್ಟುಕೊಡುವುದೇ ಸರಿಯಾದ ಮದ್ದು. ಅದು ನಿಧಾನದ ಕೆಲಸ, ಖರ್ಚಿನ ಕೆಲಸ, ಫೋಟೋದಲ್ಲಿ ಚೆಂದ ಕಾಣದ ಕೆಲಸ. ಅದಕ್ಕೇ ಹಿಂದೆ ಬೀಳುತ್ತದೆ.

ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಚೊಂಗ್ಯೆಚನ್ ಎಂಬ ಹಳ್ಳವನ್ನು ಮುಚ್ಚಿ, ಅದರ ಮೇಲೆ ಮೇಲ್ಸೇತುವೆ ರಸ್ತೆ ಕಟ್ಟಿದ್ದರು. 2003ರಿಂದ 2005ರೊಳಗೆ ಆ ರಸ್ತೆಯನ್ನೇ ಕೆಡವಿ ಸುಮಾರು 5.8 ಕಿ.ಮೀ. ಉದ್ದದ ಹಳ್ಳವನ್ನು ಮತ್ತೆ ಬಿಡಿಸಿದರು. ಜಗತ್ತೆಲ್ಲ ಅದನ್ನು ಹೊಗಳಿತು. ಆದರೆ ಅದರ ನೀರಿನ ಬಹುಪಾಲನ್ನು ನದಿಯಿಂದ ಪಂಪು ಮಾಡಿ ಹರಿಸಬೇಕಾಗಿದೆ. ಮೇಲಿನ ಜಲಾನಯನ ಹೋದ ಮೇಲೆ ಹಳ್ಳವನ್ನು ಬಿಡಿಸಿದರೂ ನೀರನ್ನು ಕೊಂಡು ತರಬೇಕಾಗುತ್ತದೆ ಎಂಬುದು ಅಲ್ಲಿಯ ಪಾಠ. ಸಯ್ಯಾಜಿರಾವ್ ರಸ್ತೆಯನ್ನು ಅಗೆಯಿರಿ ಎಂದು ಇಲ್ಲಿ ಯಾರೂ ಹೇಳುವುದಿಲ್ಲ. ಊರಾಚೆ ಉಳಿದಿರುವುದನ್ನು ಉಳಿಸಿಕೊಂಡರೆ ನಮಗೆ ಅಷ್ಟು ಖರ್ಚಿಲ್ಲ.

ದಡಕ್ಕೆ ಗೋಡೆಯೋ, ಗಿಡವೋ?

ಊರಿನ ನೈಋತ್ಯಕ್ಕೆ ಲಿಂಗಾಂಬುಧಿ ಕೆರೆ ಇದೆ. 1828ರಲ್ಲಿ ಮುಮ್ಮಡಿಯವರು ತಮ್ಮ ರಾಣಿ ಕೃಷ್ಣವಿಲಾಸದ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ ಕಟ್ಟಿಸಿದ್ದು. ಕೆರೆಯ ಅಂಚು ಹೇಗಿರಬೇಕು ಎಂಬುದನ್ನು ತಿಳಿಯಲು ಇಂಥ ಕಡೆ ಬರಬೇಕು. ನೆಲ ಮೆಲ್ಲಗೆ ಇಳಿದು ನೀರಾಗುವ ಅಂಚಿನಲ್ಲಿ ಜೊಂಡು ಬೆಳೆಯುತ್ತದೆ, ಕಪ್ಪೆ ಮೊಟ್ಟೆ ಇಡುತ್ತದೆ, ಉದ್ದ ಕಾಲಿನ ಹಕ್ಕಿಗಳು ಮೊಣಕಾಲುದ್ದದ ನೀರಿನಲ್ಲಿ ಮೇಯುತ್ತವೆ. ಸಣ್ಣ ಅಲೆ ಬಂದು ಹುಲ್ಲಿನಲ್ಲಿ ಸುಸ್ತಾಗಿ ಮಲಗುತ್ತದೆ. ಅದೇ ಅಂಚಿಗೆ ನೆಟ್ಟಗೆ ಗೋಡೆ ಕಟ್ಟಿದರೆ ಅಲೆ ಗೋಡೆಗೆ ಬಡಿದು ವಾಪಸಾಗಿ ಅದರ ಬುಡವನ್ನೇ ಕೊರೆಯುತ್ತದೆ.

ಇದೇ ಮಾತನ್ನು ನಮ್ಮ ಕರಾವಳಿ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸುತ್ತದೆ. ಮಂಗಳೂರಿನ ಬಳಿಯ ಉಳ್ಳಾಲದಲ್ಲಿ ಮಳೆಗಾಲದ ಕಡಲ್ಕೊರೆತಕ್ಕೆ ವರ್ಷಗಟ್ಟಲೆ ದಡದುದ್ದಕ್ಕೂ ಕಲ್ಲು ಸುರಿದರು. ಆಮೇಲೆ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನ ಯೋಜನೆಯಲ್ಲಿ ದಡದಿಂದ ದೂರಕ್ಕೆ, ನೀರಿನೊಳಗೆ ದಿಬ್ಬಗಳನ್ನು ಕಟ್ಟಿ ಅಲೆಯ ಬಿರುಸನ್ನು ಅಲ್ಲೇ ಮುರಿಯುವ ಯತ್ನ ನಡೆಯಿತು. ಕಡಲಿಗೆ ಎದುರಾಗಿ ನಿಲ್ಲುವುದಕ್ಕಿಂತ ಅದರ ಕಸುವನ್ನು ಕುಗ್ಗಿಸುವುದು ಮೇಲು ಎಂಬ ಆಲೋಚನೆ ಅದು. ಕಡಲತೀರಕ್ಕೆ ಮರಳು ಬರುವುದೂ ಹೊಳೆಗಳಿಂದಲೇ. ಹೊಳೆ ತರುವ ಮರಳು ನಡುವೆಯೇ ನಿಂತರೆ ತೀರ ಸವೆಯುತ್ತದೆ. ದಿಣ್ಣೆಯ ಮೇಲಿನ ಹಳ್ಳಕ್ಕೂ ದೂರದ ಕಡಲಿಗೂ ಹೀಗೆ ನೆಂಟಸ್ತಿಕೆ.

ಹಳ್ಳದ ದಡಕ್ಕೆ ಹಿರಿಯರು ಕಂಡುಕೊಂಡ ಮದ್ದು ಗಿಡ. ಲಾವಂಚದ ಬೇರು ನೇರವಾಗಿ ಆಳಕ್ಕಿಳಿದು ಮಣ್ಣನ್ನು ಹೊಲಿದುಬಿಡುತ್ತದೆ. ಲಕ್ಕಿ ಗಿಡವನ್ನು ಕಡ್ಡಿ ನೆಟ್ಟರೂ ಚಿಗುರುತ್ತದೆ. ದಡದ ಮೇಲೆ ಬಿದಿರು, ಹೊಂಗೆ, ಹೊಳೆಮತ್ತಿ. ಹಳ್ಳದ ಮೇಲ್ಭಾಗದಲ್ಲಿ ಅಲ್ಲಲ್ಲಿ ಮೊಣಕಾಲೆತ್ತರದ ಕಲ್ಲಿನ ಒಡ್ಡು ಹಾಕಿದರೆ ಓಡುವ ನೀರು ನಡೆಯುತ್ತದೆ, ನಡೆಯುವ ನೀರು ಇಂಗುತ್ತದೆ, ಹೂಳು ಅಲ್ಲೇ ನಿಲ್ಲುತ್ತದೆ. ಕೆರೆಗೆ ಬಂದ ಹೂಳನ್ನು ಲಾರಿಗಳಲ್ಲಿ ತೆಗೆಯುವ ಖರ್ಚಿಗೆ ಹೋಲಿಸಿದರೆ ಇದು ಏನೇನೂ ಅಲ್ಲ. ಮೊದಲು ಮೇಲಿನ ನೆಲ, ಆಮೇಲೆ ಹಳ್ಳ, ಕೊನೆಗೆ ಕೆರೆ, ಇದು ಕೆಲಸದ ಸರಿಯಾದ ಕ್ರಮ. ನಾವು ಸಾಮಾನ್ಯವಾಗಿ ತಿರುಗುಮುರುಗಾಗಿ ಮಾಡುತ್ತೇವೆ.

ಹೊರಡುವವರಿಗೆ

ಅಕ್ಟೋಬರ್ ತಿಂಗಳು ಈ ಪ್ರವಾಸಕ್ಕೆ ಚೆನ್ನ. ಹಿಂಗಾರಿನ ಮಳೆಗೆ ಹಳ್ಳಗಳಲ್ಲಿ ನೀರಿರುತ್ತದೆ, ದಸರಾ ರಜೆಯೂ ಇರುತ್ತದೆ. ಮಳೆ ಸುರಿಯುತ್ತಿರುವಾಗ ಮಕ್ಕಳನ್ನು ಹಳ್ಳಕ್ಕೆ ಇಳಿಸಬೇಡಿ, ನಿಂತ ಮೇಲೆ ಹೋಗಿ. ಕೊಳಚೆ ಸೇರಿದ ಕಡೆ ನೀರು ಮುಟ್ಟುವುದು ಬೇಡ. ಕಾರಂಜಿ ಕೆರೆಗೆ ಮಂಗಳವಾರ ರಜೆ. ಅಲ್ಲೇ ಪಕ್ಕದಲ್ಲಿ 1995ರಲ್ಲಿ ತೆರೆದ ಪ್ರಾದೇಶಿಕ ನಿಸರ್ಗ ವಿಜ್ಞಾನ ಸಂಗ್ರಹಾಲಯವಿದೆ, ಬಿಡದೆ ನೋಡಿ.

ನಾಲೆಯ ಬಳಿ ದನ ಮೇಯಿಸುವ ಹಿರಿಯರು ಸಿಕ್ಕರೆ, ‘ತಾತ, ಈ ನೀರು ಎಲ್ಲಿಂದ ಬರ್ತದೆ, ಎಲ್ಲಿಗೆ ಹೋಗ್ತದೆ?’ ಎಂದು ಮಕ್ಕಳಿಂದಲೇ ಕೇಳಿಸಿ. ಯಾವ ನಕ್ಷೆಯಲ್ಲೂ ಇಲ್ಲದ ಉತ್ತರ ಅವರಲ್ಲಿರುತ್ತದೆ. ಅವರ ತಲೆಮಾರು ಕಳೆದರೆ ಆ ಉತ್ತರವೂ ಹೋಗುತ್ತದೆ.

ಮನೆಗೆ ಬಂದ ಮೇಲೆ ಒಂದು ಕೆಲಸ ಬಾಕಿ ಇದೆ. ನಿಮ್ಮ ಮನೆಯ ತಾರಸಿ ನೂರು ಚದರ ಮೀಟರ್ ಇದ್ದರೆ ಅದರ ಮೇಲೆ ವರ್ಷಕ್ಕೆ 80,000 ಲೀಟರ್ ಮಳೆ ಬೀಳುತ್ತದೆ. ಆ ನೀರು ಗೇಟು ದಾಟಿ ಯಾವ ಮೋರಿಗೆ, ಮೋರಿಯಿಂದ ಯಾವ ಹಳ್ಳಕ್ಕೆ, ಹಳ್ಳದಿಂದ ಯಾವ ಕೆರೆಗೆ ಹೋಗುತ್ತದೆ ಎಂದು ಮಕ್ಕಳು ನಡೆದು ನೋಡಿ ನಕ್ಷೆ ಬರೆಯಲಿ. ದಾರಿ ಎಲ್ಲಿ ಕಡಿದುಹೋಗಿದೆಯೋ ಅಲ್ಲಿ ಕೆಂಪು ಚುಕ್ಕೆ ಇಡಲಿ. ಆ ಚುಕ್ಕೆಗಳನ್ನು ಎಣಿಸಿ ನಗರಪಾಲಿಕೆಗೆ ಒಂದು ಅರ್ಜಿ ಬರೆಯುವ ಕೆಲಸ ಅಪ್ಪ ಅಮ್ಮಂದಿರದು.